ಮೆಲನೋಮ: ರಕ್ತದಲ್ಲಿ ಸುತ್ತುವ ಕ್ಯಾನ್ಸರ್ ಜೀವಕೋಶಗಳನ್ನು ಹುಡುಕುವ ಪರೀಕ್ಷೆಯನ್ನು ಅಮ್ಮನಿಗೆ ಮಾಡಿಸಬೇಕೆ?

ಪ್ರಶ್ನೆ ಕೇಳಿದವರು: ತೋಟದಮನೆ (ಮೂಡಿಗೆರೆ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾಲ್ಕೆಕರೆ ಕಾಫಿ, ಅದರ ನಡುವೆ ಮೆಣಸು ಇಟ್ಟುಕೊಂಡು ಬದುಕುವ ಮನೆ ನಮ್ಮದು. ಅರವತ್ತೊಂದು ವರ್ಷದ ನನ್ನ ಅಮ್ಮನ ಬಲಗಾಲಿನ ಹಿಮ್ಮಡಿಯಲ್ಲಿ ಎರಡು ವರ್ಷದ ಹಿಂದೆ ಹುಣಸೆಬೀಜದಷ್ಟು ಅಗಲದ ಕಪ್ಪು ಕಲೆಯೊಂದು ಕಾಣಿಸಿಕೊಂಡಿತ್ತು. ಕಣದಲ್ಲಿ ಬರಿಗಾಲಿನಲ್ಲಿ ಕಾಫಿ ಕೆದಕಿ ಕೆದಕಿ ಆಣಿಯಾಗಿದೆ ಎಂದೇ ಮನೆಯವರೆಲ್ಲ ತಿಳಿದಿದ್ದೆವು. ಔಷಧಿ ಅಂಗಡಿಯಿಂದ ಆಣಿಯ ಪಟ್ಟಿ ತಂದು ಅಂಟಿಸಿದ್ದಾಯಿತು, ಒಮ್ಮೆ ಬ್ಲೇಡಿನಿಂದ ಸವರಿದ್ದೂ ಆಯಿತು. ಸವರಿದ ಮಾರನೆಯ ದಿನ ಗಂಬೂಟು ಬಿಚ್ಚಿದಾಗ ಸಾಕ್ಸು ರಕ್ತದಲ್ಲಿ ಅಂಟಿಕೊಂಡಿದ್ದನ್ನು ನೋಡಿ, ಇಂಬಳ ಕಚ್ಚಿರಬೇಕು ಎಂದು ಅಮ್ಮನೇ ಹೇಳಿ ಅದರ ಮೇಲೆ ಸುಣ್ಣ ಹಚ್ಚಿಕೊಂಡರು. ಕಲೆಯ ಅಂಚು ನಕಾಶೆಯ ಗಡಿಯಂತೆ ಅಂಕುಡೊಂಕಾಗಿ ಹರಡತೊಡಗಿದ ಮೇಲೆ ಹಾಸನಕ್ಕೆ ಕರೆದುಕೊಂಡು ಹೋದೆ. ಬಯಾಪ್ಸಿಯಲ್ಲಿ ಅಕ್ರಲ್ ಲೆಂಟಿಜಿನಸ್ ಮೆಲನೋಮ, ಅಂದರೆ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಬರುವ ಒಂದು ಬಗೆಯ ಚರ್ಮದ ಕ್ಯಾನ್ಸರ್ ಎಂದು ಬಂದಿತು.

ನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕಲೆಯ ಸುತ್ತ ಎರಡು ಸೆಂಟಿಮೀಟರ್ ಆರೋಗ್ಯವಂತ ಚರ್ಮವನ್ನೂ ಸೇರಿಸಿ ತೆಗೆದು, ತೊಡೆಯ ಚರ್ಮವನ್ನು ತಂದು ಹಿಮ್ಮಡಿಗೆ ಕಸಿ ಮಾಡಿದ್ದಾರೆ. ವರದಿಯಲ್ಲಿ ಬ್ರೆಸ್ಲೊ ದಪ್ಪ (ಗಡ್ಡೆ ಚರ್ಮದೊಳಗೆ ಇಳಿದಿರುವ ಆಳ) 2.4 ಮಿ.ಮೀ., ಮೇಲ್ಮೈಯಲ್ಲಿ ಹುಣ್ಣಿಲ್ಲ, ಅಂಚುಗಳಲ್ಲಿ ರೋಗವಿಲ್ಲ, ತೊಡೆಸಂದಿನಿಂದ ತೆಗೆದ ಸೆಂಟಿನೆಲ್ ಗ್ರಂಥಿಗಳಲ್ಲೂ (ರೋಗ ಹರಡಿದರೆ ಮೊದಲು ತಲುಪುವ ದುಗ್ಧಗ್ರಂಥಿಗಳು) ಇಲ್ಲ ಎಂದಿದೆ. ಮತ್ತೆ ಯಾವ ಔಷಧವನ್ನೂ ಕೊಡದೆ, ಕಾಲಕಾಲಕ್ಕೆ ಬಂದು ತೋರಿಸಿ ಎಂದಷ್ಟೇ ಹೇಳಿ ಕಳಿಸಿದ್ದಾರೆ.

ಕಳೆದ ವಾರ ಪಟ್ಟಣದಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ಒಂದು ಖಾಸಗಿ ಪ್ರಯೋಗಾಲಯದ ಪ್ರತಿನಿಧಿ ಸಿಕ್ಕಿದ್ದರು. ಎರಡು ಚಮಚೆಯಷ್ಟು ರಕ್ತ ಕೊಟ್ಟರೆ ಸಾಕು, ದೇಹದಲ್ಲಿ ಅಡಗಿರುವ ಕ್ಯಾನ್ಸರ್ ಜೀವಕೋಶಗಳನ್ನು ಎಣಿಸಿ ಹೇಳುತ್ತೇವೆ, ಸೊನ್ನೆ ಬಂದರೆ ನಿಶ್ಚಿಂತೆಯಿಂದ ಇರಬಹುದು ಎಂದರು. ಅವರು ಹೇಳಿದ ದರ ಈ ಸಲ ಮೆಣಸು ಮಾರಿ ಬಂದ ಹಣದ ಅರ್ಧಕ್ಕಿಂತ ಹೆಚ್ಚು. ಅಮ್ಮನ ಜೀವಕ್ಕಿಂತ ಹಣ ಹೆಚ್ಚೇನಲ್ಲ. ಆದರೆ ಸೊನ್ನೆ ಬಂದರೆ ನಿಜವಾಗಿಯೂ ನಿಶ್ಚಿಂತೆಯೇ, ಸೊನ್ನೆಯಲ್ಲದ ಸಂಖ್ಯೆ ಬಂದರೆ ನಾವು ಮಾಡುವುದೇನು, ನನಗೂ ತಂಗಿಗೂ ಮುಂಜಾಗ್ರತೆಯಾಗಿ ಇದನ್ನೇ ಮಾಡಿಸಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.


ಉತ್ತರ: ಹಳೇ ಸೂಕ್ಷ್ಮದರ್ಶಕ (ನಿವೃತ್ತ ಪೆಥಾಲಜಿಸ್ಟ್, ಹಾಸನ)

ತಮ್ಮ ತಾಯಿಯವರ ವರದಿಯ ಮುಖ್ಯಾಂಶಗಳನ್ನು ಸ್ಪಷ್ಟವಾಗಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ಪರೀಕ್ಷೆ ಬೇಕೇ ಬೇಡವೇ ಎಂಬುದಕ್ಕಿಂತ ಮೊದಲು, ಆ ಪರೀಕ್ಷೆ ಯಾವ ಜೀವಕೋಶವನ್ನು ಹಿಡಿಯಲೆಂದು ತಯಾರಾದದ್ದು ಎಂಬುದನ್ನು ನೋಡಬೇಕು. ಶಿಬಿರದ ಪ್ರತಿನಿಧಿಗಳು ಸಾಮಾನ್ಯವಾಗಿ ಹೇಳದೆ ಬಿಡುವುದು ಇದನ್ನೇ.

ಗಡ್ಡೆಯಿಂದ ಕಳಚಿಕೊಂಡ ಜೀವಕೋಶಗಳು ರಕ್ತದಲ್ಲಿ ಓಡಾಡುತ್ತವೆ ಎಂಬುದು ಹಳೆಯ ಸಂಗತಿ. 1869ರಲ್ಲಿಯೇ ಆಸ್ಟ್ರೇಲಿಯಾದ ಥಾಮಸ್ ಆಶ್ವರ್ತ್ ಎಂಬ ವೈದ್ಯರು, ಕ್ಯಾನ್ಸರಿನಿಂದ ತೀರಿಕೊಂಡವನೊಬ್ಬನ ರಕ್ತದಲ್ಲಿ ಅವನ ಗಡ್ಡೆಯ ಜೀವಕೋಶಗಳನ್ನೇ ಹೋಲುವ ಜೀವಕೋಶಗಳನ್ನು ಕಂಡು ಬರೆದಿಟ್ಟರು. ತೊಡಕು ಇರುವುದು ಎಣಿಕೆಯಲ್ಲಿ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ರಕ್ತಕಣಗಳೂ, 40 ಲಕ್ಷದಿಂದ 1.1 ಕೋಟಿಯವರೆಗೆ ಬಿಳಿ ರಕ್ತಕಣಗಳೂ ಇರುತ್ತವೆ. ಇವುಗಳ ನಡುವೆ ಹುಡುಕುತ್ತಿರುವುದು ಒಂದೋ ಎರಡೋ ಜೀವಕೋಶವನ್ನು. ನಮ್ಮ ಬಯಲುಸೀಮೆಯ ಲೆಕ್ಕದಲ್ಲಿ ಹೇಳುವುದಾದರೆ 500 ಕೋಟಿ ರಾಗಿ ಕಾಳೆಂದರೆ ಕ್ವಿಂಟಾಲಿನ ಚೀಲಗಳು ನೂರಕ್ಕೂ ಹೆಚ್ಚು, ಅದರೊಳಗೆ ಅಕ್ಕಡಿ ಸಾಲಿನಿಂದ ಬಂದು ಸೇರಿಕೊಂಡ ಒಂದು ಸಾಸಿವೆ ಕಾಳನ್ನು ಆರಿಸಬೇಕು. ಮೊರದಲ್ಲಿ ಕೇರಿ ಆಗುವ ಕೆಲಸವಲ್ಲ. ಸಾಸಿವೆಗೆ ಮಾತ್ರ ಸಿಕ್ಕಿಕೊಳ್ಳುವಂಥ ಕೊಕ್ಕೆಯೊಂದು ಬೇಕು.

ಆ ಕೊಕ್ಕೆಯೇ ಪ್ರತಿಕಾಯ. ಅತಿ ಸೂಕ್ಷ್ಮವಾದ ಕಬ್ಬಿಣದ ಕಣಗಳಿಗೆ ಪ್ರತಿಕಾಯವನ್ನು ಅಂಟಿಸಿ ರಕ್ತಕ್ಕೆ ಬೆರೆಸುತ್ತಾರೆ, ಅದು ಕ್ಯಾನ್ಸರ್ ಜೀವಕೋಶದ ಹೊರಮೈಯಲ್ಲಿರುವ ಗುರುತಿನ ಪ್ರೋಟೀನಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಆಯಸ್ಕಾಂತವನ್ನು ಹಿಡಿದು ಕಚ್ಚಿಕೊಂಡದ್ದನ್ನೆಲ್ಲ ಒಂದು ಕಡೆಗೆ ಸೆಳೆಯುತ್ತಾರೆ. ಸೆಲ್‌ಸರ್ಚ್ ಎಂಬ ಯಂತ್ರ ಕೆಲಸ ಮಾಡುವುದು ಹೀಗೆ. ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಅದಕ್ಕೆ 2004ರಲ್ಲಿ ಸ್ತನ ಕ್ಯಾನ್ಸರಿಗೆ, ನಂತರ ದೊಡ್ಡ ಕರುಳು ಮತ್ತು ಪ್ರಾಸ್ಟೇಟ್ ಕ್ಯಾನ್ಸರಿಗೆ ಒಪ್ಪಿಗೆ ಕೊಟ್ಟಿತು. ಮೂರೂ ಕಡೆ ಒಪ್ಪಿಗೆ ಇರುವುದು ಈಗಾಗಲೇ ದೂರದ ಅಂಗಗಳಿಗೆ ಹರಡಿರುವ ರೋಗಕ್ಕೆ ಮಾತ್ರ. 7.5 ಮಿ.ಲೀ. ರಕ್ತದಲ್ಲಿ ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರುಗಳಿಗೆ ಐದು, ಕರುಳಿನ ಕ್ಯಾನ್ಸರಿಗೆ ಮೂರು ಜೀವಕೋಶ ಅಥವಾ ಅದಕ್ಕಿಂತ ಹೆಚ್ಚು ಸಿಕ್ಕರೆ ರೋಗದ ಗತಿ ಕಠಿಣ ಎಂದು ತಿಳಿಯುತ್ತಾರೆ.

ಆ ಯಂತ್ರದ ಕೊಕ್ಕೆ ಹಿಡಿಯುವ ಗುರುತಿನ ಹೆಸರು ಎಪ್‌ಕ್ಯಾಮ್. ಇದು ಮೊಲೆಯ ನಾಳ, ಕರುಳಿನ ಒಳಪೊರೆ ಇಂಥ ಪೊರೆಯ ಅಂಗಾಂಶಗಳಿಂದ ಹುಟ್ಟಿದ ಕ್ಯಾನ್ಸರುಗಳಲ್ಲಿ ಇರುತ್ತದೆ. ಮೆಲನೋಮ ಆ ಕುಲದ್ದಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟುಗಳು ಭ್ರೂಣದಲ್ಲಿ ನರಮಂಡಲ ರೂಪುಗೊಳ್ಳುವ ಜಾಗದ ಅಂಚಿನಿಂದ ಹೊರಟು ಚರ್ಮಕ್ಕೆ ವಲಸೆ ಬಂದವು. ಚರ್ಮದಲ್ಲಿ ವಾಸವಿದ್ದರೂ ಅವುಗಳ ತವರು ಬೇರೆ. ಹೀಗಾಗಿ ಅವುಗಳ ಮೈಮೇಲೆ ಎಪ್‌ಕ್ಯಾಮ್ ಇರುವುದಿಲ್ಲ. ಎಪ್‌ಕ್ಯಾಮ್ ಆಧಾರದ ಪರೀಕ್ಷೆಯನ್ನು ತಮ್ಮ ತಾಯಿಯವರಿಗೆ ಮಾಡಿಸಿದರೆ, ಅವರ ರಕ್ತದಲ್ಲಿ ಮೆಲನೋಮದ ನೂರು ಜೀವಕೋಶಗಳು ಈಜಾಡುತ್ತಿದ್ದರೂ ಕೊಕ್ಕೆಗೆ ಒಂದೂ ಸಿಗದೆ, ವರದಿಯಲ್ಲಿ ಚೆಂದದ ಒಂದು ಸೊನ್ನೆ ಅಚ್ಚಾಗಬಹುದು.

ಮೆಲನೋಮಕ್ಕೆಂದೇ ಬೇರೆ ಕೊಕ್ಕೆಗಳನ್ನು ಸಂಶೋಧಕರು ಬಳಸುತ್ತಾರೆ. ಸಿಡಿ146 ಎಂಬ ಗುರುತಿನಿಂದ ಹಿಡಿದು, ಮೆಲನೋಮದಲ್ಲಿ ಕಾಣುವ ಭಾರೀ ಅಣುತೂಕದ ಇನ್ನೊಂದು ಪ್ರೋಟೀನಿನ ಬಣ್ಣದಿಂದ ಖಚಿತಪಡಿಸುವ ವಿಧಾನ ಅವುಗಳಲ್ಲಿ ಮುಖ್ಯವಾದದ್ದು. ಇಲ್ಲಿಯೂ ಒಂದು ಎಡವಟ್ಟಿದೆ: ಸಿಡಿ146 ರಕ್ತನಾಳದ ಒಳಪದರದ ಜೀವಕೋಶಗಳ ಮೇಲೂ ಇರುವುದರಿಂದ, ನಾಳದಿಂದ ಉದುರಿದ ನಿರಪಾಯದ ಜೀವಕೋಶಗಳೂ ಬಲೆಗೆ ಬೀಳುತ್ತವೆ. ಅವನ್ನೂ ಬಿಳಿ ರಕ್ತಕಣಗಳನ್ನೂ ಬೇರೆ ಬಣ್ಣಗಳಿಂದ ಗುರುತಿಸಿ ಹೊರಗಿಟ್ಟು, ಕೊನೆಗೆ ಮನುಷ್ಯನೊಬ್ಬ ಪರದೆಯ ಮೇಲಿನ ಚಿತ್ರಗಳನ್ನು ಒಂದೊಂದಾಗಿ ನೋಡಿ ಇದು ಹೌದು, ಇದು ಅಲ್ಲ ಎಂದು ತೀರ್ಮಾನಿಸಬೇಕು. ನಾನು ಮೂವತ್ತು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತವನು. ಸಂಜೆ ಐದಕ್ಕೆ ನೋಡಿದ ಜೀವಕೋಶ ಮಾರನೆಯ ಬೆಳಗ್ಗೆ ಬೇರೆಯಾಗಿ ಕಾಣುವುದನ್ನು ಬಲ್ಲೆ. ಸಂಖ್ಯೆ ಐವತ್ತಿದ್ದಾಗ ಒಂದೆರಡರ ವ್ಯತ್ಯಾಸ ಲೆಕ್ಕಕ್ಕಿಲ್ಲ, ಸಂಖ್ಯೆಯೇ ಒಂದಾಗಿದ್ದಾಗ ಆ ಒಂದರ ಮೇಲೆಯೇ ಎಲ್ಲವೂ ನಿಂತಿರುತ್ತದೆ.

ರಕ್ತ ತೆಗೆಯುವ ರೀತಿಯೂ ಮುಖ್ಯ. ಸೂಜಿ ಚರ್ಮವನ್ನು ತೂರಿ ಹೋಗುವಾಗ ಚರ್ಮದ ಜೀವಕೋಶಗಳನ್ನು ಕೆರೆದುಕೊಂಡು ಹೋಗುವುದರಿಂದ, ಮೊದಲ ಟ್ಯೂಬಿನ ರಕ್ತವನ್ನು ಇದಕ್ಕೆ ಬಳಸಬಾರದು. ಸೆಲ್‌ಸರ್ಚಿನವರ ವಿಶೇಷ ಟ್ಯೂಬಿನಲ್ಲಿ ರಕ್ತ 96 ಗಂಟೆ ಕೆಡದೆ ಇರುತ್ತದೆ, ಅದೂ ಕೋಣೆಯ ಉಷ್ಣಾಂಶದಲ್ಲಿ, ಐಸಿನಲ್ಲಿ ಇಡದೆ. ಸಾಮಾನ್ಯ ಇಡಿಟಿಎ ಟ್ಯೂಬಿನಲ್ಲಾದರೆ ಕೆಲವೇ ಗಂಟೆಯೊಳಗೆ ಕೆಲಸ ಮುಗಿಯಬೇಕು. ಮೂಡಿಗೆರೆಯಲ್ಲಿ ತೆಗೆದ ರಕ್ತ ಯಾವ ಟ್ಯೂಬಿನಲ್ಲಿ, ಯಾವ ಊರಿಗೆ, ಎಷ್ಟು ಹೊತ್ತಿನಲ್ಲಿ ತಲುಪುತ್ತದೆ ಎಂದು ಆ ಪ್ರತಿನಿಧಿಯನ್ನು ಕೇಳಿ ನೋಡಿ. ಯಾವ ಗುರುತಿನಿಂದ ಹಿಡಿಯುತ್ತೀರಿ ಎಂದೂ ಕೇಳಿ. ಎರಡನೆಯ ಪ್ರಶ್ನೆಗೆ ಉತ್ತರ ಬಾರದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಇನ್ನೊಂದು ಮಾತು. ಬಯಾಪ್ಸಿಯ ಮೇಣದ ಬ್ಲಾಕುಗಳು (ತೆಗೆದ ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಅಚ್ಚುಗಳು) ಎಲ್ಲಿವೆ ಎಂದು ವಿಚಾರಿಸಿ, ಕೊಡುವುದಾದರೆ ರಸೀದಿ ಸಮೇತ ತಂದಿಟ್ಟುಕೊಳ್ಳಿ. ಮುಂದೆ ಎಂದಾದರೂ ಔಷಧದ ಪ್ರಶ್ನೆ ಬಂದರೆ, ಬಿರಾಫ್ ಮತ್ತು ಕಿಟ್ ಜೀನುಗಳಲ್ಲಿ ಬದಲಾವಣೆ ಇದೆಯೇ ಎಂದು ಮೊದಲು ನೋಡುವುದು ಅದರಲ್ಲಿಯೇ. ಅಟ್ಟದ ಮೇಲೆ, ಒಲೆಯ ಶಾಖ ತಾಗುವ ಕಡೆ ಮಾತ್ರ ಇಡಬೇಡಿ, ಅದು ಮೇಣ.


ಉತ್ತರ: ಕಡೂರಿನ ಓದುಗಿ

ಮೇಲಿನ ಹಿರಿಯರ ಉತ್ತರವನ್ನು ಓದಿದ ಕೂಡಲೇ ಎದ್ದು ಹೋಗಿ ನಮ್ಮ ಮಾವನವರ ಹಳೆಯ ಫೈಲನ್ನು ತೆರೆದೆ. ವರದಿಯ ಎರಡನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, ಎಪ್‌ಕ್ಯಾಮ್ ಎಂದೇ ಇದೆ. ಮೂರು ವರ್ಷದಿಂದ ಮನೆಯಲ್ಲಿದ್ದ ಕಾಗದ. ನಾವು ಯಾರೂ ಆ ಸಾಲನ್ನು ಓದಿರಲಿಲ್ಲ, ಓದಿದ್ದರೂ ತಿಳಿಯುತ್ತಿರಲಿಲ್ಲ.

ಮಾವನವರಿಗೆ ಹೆಬ್ಬೆರಳಿನ ಉಗುರಿನಡಿ ಮೆಲನೋಮವಾಗಿತ್ತು. ಎತ್ತು ತುಳಿದು ಉಗುರು ಕಪ್ಪಾಗಿದೆ ಎಂದು ಅವರು ಒಂದು ವರ್ಷ ಯಾರಿಗೂ ತೋರಿಸಲಿಲ್ಲ. ಬೆರಳನ್ನು ತೆಗೆದರು, ತೊಡೆಸಂದಿನ ಗ್ರಂಥಿಗಳಲ್ಲಿ ಎರಡರಲ್ಲಿ ರೋಗವಿತ್ತು, ಅವನ್ನೂ ತೆಗೆದರು. ಆನಂತರ ಪರಿಚಿತರೊಬ್ಬರ ಮಾತು ಕೇಳಿ ರಕ್ತದಲ್ಲಿ ಜೀವಕೋಶ ಎಣಿಸುವ ಪರೀಕ್ಷೆಯನ್ನು ಮಾಡಿಸಿದೆವು. ಮೊದಲ ಸಲ ಮೂರು ಎಂದು ಬಂದಿತು. ಆ ಮೂರನ್ನು ಹಿಡಿದುಕೊಂಡು ಪೆಟ್ ಸ್ಕ್ಯಾನ್ ಮಾಡಿಸಿದೆವು, ಅದರಲ್ಲಿ ಶ್ವಾಸಕೋಶದಲ್ಲಿ ಏನೋ ಹೊಳೆದಿದೆ ಎಂದರು, ಅದರಿಂದ ಮತ್ತೊಂದು ಬಯಾಪ್ಸಿಯಾಯಿತು, ಕೊನೆಗೆ ಅದು ಹಿಂದೆ ಎಂದೋ ಬಂದು ಹೋದ ಕ್ಷಯದ ಗುರುತು ಎಂದು ತಿಳಿಯಿತು. ಈ ಎರಡು ತಿಂಗಳು ಮನೆಯಲ್ಲಿ ಒಲೆ ಹೊತ್ತಿದ್ದಷ್ಟೇ, ಯಾರೂ ನೆಟ್ಟಗೆ ಊಟ ಮಾಡಿದ್ದಿಲ್ಲ. ಹಾಗಾದರೆ ಆ ಮೂರು ಜೀವಕೋಶಗಳು ಯಾವುವು ಎಂದು ಕೇಳಿದರೆ ಪ್ರಯೋಗಾಲಯದವರಲ್ಲಿ ಉತ್ತರವಿರಲಿಲ್ಲ. ಆರು ತಿಂಗಳ ನಂತರ ಮತ್ತೆ ಮಾಡಿಸಿ ಎಂದರು.

ಮತ್ತೆ ಮಾಡಿಸಿದೆವು. ಈ ಸಲ ಸೊನ್ನೆ. ಅತ್ತೆಯವರು ಹೋಳಿಗೆ ಮಾಡಿದರು. ಆ ಹೋಳಿಗೆಯ ಊಟವಾಗಿ ಮೂರು ವಾರ ಕಳೆದಿರಲಿಲ್ಲ, ಮಾವನವರು ಸ್ನಾನ ಮುಗಿಸಿ ಪಂಚೆ ಉಡುವಾಗ ತೊಡೆಯ ಒಳಬದಿಯಲ್ಲಿ, ಹಳೆಯ ಹೊಲಿಗೆಯ ಗುರುತಿಗಿಂತ ನಾಲ್ಕು ಬೆರಳು ಕೆಳಗೆ, ಕಡಲೆಕಾಳಿನಷ್ಟು ಗಟ್ಟಿ ಗಂಟೊಂದು ಕೈಗೆ ಸಿಕ್ಕಿತು. ವರದಿಯಲ್ಲಿ ಸೊನ್ನೆ ಇದೆಯಲ್ಲ ಎಂದು ಮನೆಯವರು ಸಮಾಧಾನ ಹೇಳಿ ಇನ್ನೂ ಒಂದು ತಿಂಗಳು ತಳ್ಳಿದೆವು. ತೆಗೆದು ನೋಡಿದಾಗ ಅದು ಮೆಲನೋಮವೇ. ಮಾವನವರು ಈಗಲೂ ನಮ್ಮೊಂದಿಗಿದ್ದಾರೆ, ಚಿಕಿತ್ಸೆ ನಡೆಯುತ್ತಿದೆ. ಖರ್ಚಾದ ಹಣವನ್ನು ನಾನು ಎಂದೋ ಮರೆತಿದ್ದೇನೆ. ಸೊನ್ನೆಯನ್ನು ನಂಬಿ ಕಳೆದ ಆ ಒಂದು ತಿಂಗಳನ್ನು ಮರೆಯಲಾಗಿಲ್ಲ.


ಉತ್ತರ: ಹೇಮಾವತಿ ದಂಡೆ (ಎಂಜಿನಿಯರ್, ಹಾಸನ)

ಇಲ್ಲಿ ಪರೀಕ್ಷೆಯ ವಿರುದ್ಧವೇ ಎಲ್ಲರೂ ಮಾತಾಡುತ್ತಿರುವುದರಿಂದ ಇನ್ನೊಂದು ಮಗ್ಗುಲನ್ನೂ ಹೇಳುತ್ತೇನೆ. ತಪ್ಪು ಕೊಕ್ಕೆಯ ಪರೀಕ್ಷೆ ನಿಷ್ಪ್ರಯೋಜಕ ಎಂಬುದು ಸರಿ. ಅದರಿಂದ ಸರಿಯಾದ ಕೊಕ್ಕೆಯದ್ದೂ ನಿಷ್ಪ್ರಯೋಜಕ ಎಂದಾಗುವುದಿಲ್ಲ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ರಂಥಿಗೆ ಹರಡಿದ್ದ ಮೆಲನೋಮದ 243 ಜನರ ರಕ್ತವನ್ನು ಮೆಲನೋಮಕ್ಕೆಂದೇ ಇರುವ ಗುರುತುಗಳಿಂದ ಪರೀಕ್ಷಿಸಿದಾಗ, ಶೇಕಡಾ 37 ಜನರಲ್ಲಿ ಕನಿಷ್ಠ ಒಂದು ಜೀವಕೋಶ ಸಿಕ್ಕಿತು ಮತ್ತು ಅಂಥವರಲ್ಲಿ ಆರು ತಿಂಗಳೊಳಗೆ ರೋಗ ಮರಳುವ ಸಂಭವ ಸ್ಪಷ್ಟವಾಗಿ ಹೆಚ್ಚಿತ್ತು. ಮುಂಚೆಯೇ ತಿಳಿದರೆ ಮುಂಚೆಯೇ ಎಚ್ಚರವಾಗಬಹುದಲ್ಲವೇ? ಅಲ್ಲದೆ ಸೂಜಿಯೇ ಇಲ್ಲದೆ, ಲೇಸರ್ ಬೆಳಕನ್ನು ಕೈಯ ಮೇಲೆ ಬಿಟ್ಟು ಮೆಲನೋಮದ ಜೀವಕೋಶಗಳನ್ನು ಪತ್ತೆಹಚ್ಚುವ ಯಂತ್ರವೂ ಬಂದಿದೆ ಎಂದು ಓದಿದ್ದೇನೆ. ವಿಜ್ಞಾನ ಮುಂದೆ ಹೋಗುತ್ತಿರುವಾಗ ನಾವು ಬೆರಳಿನಿಂದ ಒತ್ತಿ ನೋಡುವುದರಲ್ಲಿಯೇ ನಿಂತರೆ ಹೇಗೆ?


ಉತ್ತರ: ಚರ್ಮವೈದ್ಯೆ (ಚಿಕ್ಕಮಗಳೂರು)

ಎಂಜಿನಿಯರ್ ಅವರ ಪ್ರಶ್ನೆ ನ್ಯಾಯವಾದದ್ದು. ಅವರು ಹೇಳಿದ ಅಧ್ಯಯನವನ್ನು ನಾನೂ ಓದಿದ್ದೇನೆ, ಅದರ ಫಲಿತಾಂಶವನ್ನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿದ್ದವರೆಲ್ಲ ಮೂರನೆಯ ಹಂತದವರು, ಅಂದರೆ ರೋಗ ಗ್ರಂಥಿಗೆ ಹರಡಿದ್ದವರು. ಪ್ರಶ್ನೆ ಕೇಳಿದವರ ತಾಯಿಯವರದು 2.4 ಮಿ.ಮೀ. ದಪ್ಪ, ಹುಣ್ಣಿಲ್ಲ, ಗ್ರಂಥಿ ಶುದ್ಧ. ಅಂದರೆ 2ಎ ಹಂತ. ಶಸ್ತ್ರಚಿಕಿತ್ಸೆಯ ನಂತರ ಕೊಡುವ ಪೆಂಬ್ರೊಲಿಜುಮಾಬ್ ಔಷಧಕ್ಕೆ 2021ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಅದಕ್ಕಿಂತ ಮುಂದಿನ 2ಬಿ ಮತ್ತು 2ಸಿ ಹಂತಗಳಿಗೆ. 2ಎ ಹಂತದಲ್ಲಿ, ರಕ್ತದಲ್ಲಿ ಒಂದು ಜೀವಕೋಶ ಸಿಕ್ಕಿತು ಎಂಬ ಕಾರಣಕ್ಕೆ ಔಷಧ ಆರಂಭಿಸಿ ಎನ್ನುವ ಮಾರ್ಗಸೂಚಿ ಇಲ್ಲ. ಹೀಗಿರುವಾಗ ಎಚ್ಚರವಾಗಿ ಮಾಡುವುದೇನು? ತಪಾಸಣೆಗೆ ಬನ್ನಿ ಎಂದು ಹೇಳುತ್ತೇವೆ. ಅದನ್ನು ಈಗಲೂ ಹೇಳಿಯೇ ಕಳಿಸಿದ್ದಾರೆ.

ಸಂಖ್ಯೆ ತಿಳಿದ ಮಾತ್ರಕ್ಕೆ ಆಯುಸ್ಸು ಹೆಚ್ಚುವುದಿಲ್ಲ ಎಂಬುದು ಸ್ತನ ಕ್ಯಾನ್ಸರಿನಲ್ಲಿ ಒಮ್ಮೆ ಕಷ್ಟಪಟ್ಟು ಕಲಿತ ಪಾಠ. 2014ರಲ್ಲಿ ಪ್ರಕಟವಾದ ಎಸ್0500 ಎಂಬ ಅಮೆರಿಕದ ಪ್ರಯೋಗದಲ್ಲಿ, ಹರಡಿದ ಸ್ತನ ಕ್ಯಾನ್ಸರಿಗೆ ಕೀಮೋ ಆರಂಭಿಸಿ ಮೂರು ವಾರವಾದರೂ ರಕ್ತದಲ್ಲಿನ ಜೀವಕೋಶಗಳ ಸಂಖ್ಯೆ ಇಳಿಯದ ಮಹಿಳೆಯರಲ್ಲಿ, ಅರ್ಧದಷ್ಟು ಮಂದಿಗೆ ಕೂಡಲೇ ಔಷಧ ಬದಲಿಸಿದರು, ಉಳಿದವರಿಗೆ ಅದೇ ಔಷಧವನ್ನು ಮುಂದುವರಿಸಿದರು. ಇಳಿಯದವರ ರೋಗ ಕಠಿಣವಾದದ್ದು ಎಂಬುದು ಸಾಬೀತಾಯಿತು. ಬೇಗ ಬದಲಿಸಿದ್ದರಿಂದ ಅವರು ಹೆಚ್ಚು ಕಾಲ ಬದುಕಲಿಲ್ಲ. ಹೆಚ್ಚು ಕಾಲ ಪರೀಕ್ಷೆಗೆ ಒಳಗಾದ ಕ್ಯಾನ್ಸರಿನಲ್ಲಿಯೇ ಹೀಗಾದರೆ, ನಮ್ಮ ಹಿಮ್ಮಡಿಯ ಮೆಲನೋಮದ ಬಗ್ಗೆ ಶಿಬಿರದಲ್ಲಿ ಭರವಸೆ ಕೊಡುವವರ ಧೈರ್ಯವನ್ನು ಮೆಚ್ಚಬೇಕು.

ಲೇಸರ್ ಯಂತ್ರದ ವಿಷಯ ನಿಜ, ಸ್ವಾರಸ್ಯಕರವೂ ಹೌದು. ಅರ್ಕಾನ್ಸಾಸ್ ವಿಶ್ವವಿದ್ಯಾಲಯದ ವ್ಲಾದಿಮಿರ್ ಝರೋವ್ ಅವರ ತಂಡ ತಯಾರಿಸಿದ ಸೈಟೊಫೋನ್ ಎಂಬ ಸಾಧನ ಅದು. ಚರ್ಮದ ಮೇಲಿನಿಂದ ರಕ್ತನಾಳಕ್ಕೆ ಲೇಸರ್ ಮಿಡಿತಗಳನ್ನು ಬಿಟ್ಟಾಗ, ಮೆಲನೋಮ ಜೀವಕೋಶದೊಳಗಿನ ಕಪ್ಪು ವರ್ಣದ್ರವ್ಯ ಸುತ್ತಲಿನ ರಕ್ತಕ್ಕಿಂತ ಹೆಚ್ಚು ಬೆಳಕನ್ನು ಹೀರಿ, ಕ್ಷಣಮಾತ್ರದಲ್ಲಿ ಬಿಸಿಯಾಗಿ ಹಿಗ್ಗಿ, ಒಂದು ಸಣ್ಣ ಸದ್ದನ್ನು ಹೊರಡಿಸುತ್ತದೆ. ಆ ಸದ್ದನ್ನು ಚರ್ಮದ ಮೇಲಿಟ್ಟ ಶ್ರವಣ ಸಾಧನ ಹಿಡಿಯುತ್ತದೆ. ಕೊಕ್ಕೆಯ ತಂಟೆಯೇ ಇಲ್ಲ, ಜೊತೆಗೆ ಟ್ಯೂಬಿನ 7.5 ಮಿ.ಲೀ. ಬದಲು ನಾಳದಲ್ಲಿ ಹರಿದುಹೋಗುವ ಬಹಳಷ್ಟು ರಕ್ತವನ್ನು ಆಲಿಸಬಹುದು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 28 ಮೆಲನೋಮ ರೋಗಿಗಳ ಪೈಕಿ 27 ಜನರಲ್ಲಿ ಜೀವಕೋಶಗಳು ಪತ್ತೆಯಾದವು, ಆರೋಗ್ಯವಂತರಾದ 19 ಜನರಲ್ಲಿ ಒಬ್ಬರಲ್ಲೂ ಸುಳ್ಳು ಸದ್ದು ಬರಲಿಲ್ಲ. ಚರ್ಮದ ಬಣ್ಣವೂ ಬೆಳಕನ್ನು ಹೀರುವುದರಿಂದ ನಮ್ಮಂಥ ಮೈಬಣ್ಣದವರಲ್ಲಿ ಹೇಗೆ ಎಂಬ ಪ್ರಶ್ನೆ ಏಳುತ್ತದೆ; ಅದೇ ಸಾಧನವನ್ನು ಮಲೇರಿಯಾ ಪತ್ತೆಗೆಂದು ಕ್ಯಾಮರೂನಿನ ಜನರ ಮೇಲೆ ಪ್ರಯೋಗಿಸಿದ ವರದಿ 2024ರಲ್ಲಿ ಬಂದಿದೆ, ಆದ್ದರಿಂದ ಅದು ಪರಿಹರಿಸಲಾಗದ ತೊಡಕೇನಲ್ಲ. ಆದರೆ ಬಣ್ಣವೇ ಇಲ್ಲದ ಮೆಲನೋಮಗಳೂ ಇವೆ, ಅವು ಈ ಯಂತ್ರದ ಮುಂದೆ ಮೌನವಾಗಿಯೇ ಹಾದುಹೋಗುತ್ತವೆ. ಇಪ್ಪತ್ತೆಂಟು ಜನರ ಅಧ್ಯಯನದಿಂದ ಮೂಡಿಗೆರೆಯ ಶಿಬಿರದವರೆಗಿನ ದಾರಿ ಇನ್ನೂ ದೂರವಿದೆ.

ಮಗನಿಗೂ ಮಗಳಿಗೂ ಮಾಡಿಸುವ ವಿಚಾರ. ಆರೋಗ್ಯವಂತರಲ್ಲಿ ಮೆಲನೋಮ ಹುಡುಕುವ ರಕ್ತಪರೀಕ್ಷೆ ಎಂದು 2018ರಲ್ಲಿ ದೊಡ್ಡ ಸುದ್ದಿಯಾದದ್ದು ಆಸ್ಟ್ರೇಲಿಯಾದ ಎಡಿತ್ ಕೋವನ್ ವಿಶ್ವವಿದ್ಯಾಲಯದ್ದು. ಅದು ಜೀವಕೋಶಗಳನ್ನಲ್ಲ, ದೇಹವೇ ಕ್ಯಾನ್ಸರಿನ ವಿರುದ್ಧ ತಯಾರಿಸುವ ಹತ್ತು ಪ್ರತಿಕಾಯಗಳನ್ನು ಅಳೆಯುತ್ತಿತ್ತು. ರೋಗವಿಲ್ಲದವರನ್ನು ಇಲ್ಲ ಎಂದು ಸರಿಯಾಗಿ ಹೇಳಿದ್ದು ಶೇಕಡಾ 84ರಷ್ಟು. ಕೇಳಲು ಚೆನ್ನಾಗಿದೆ. ಈಗ ಲೆಕ್ಕ ಹಾಕಿ: ಒಂದು ಲಕ್ಷ ಆರೋಗ್ಯವಂತರಿಗೆ ಇದನ್ನು ಮಾಡಿದರೆ 16,000 ಜನರಿಗೆ ಸುಳ್ಳೇ ರೋಗ ಇದೆ ಎಂದು ಬರುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗೂ ಮೆಲನೋಮ ಬರುವುದಿಲ್ಲ. ಆ 16,000 ಜನರನ್ನು ಎಲ್ಲಿ ಕೂರಿಸುವುದು? ಅಂಗಾಲಿನ ಮೆಲನೋಮಕ್ಕೂ ಬಿಸಿಲಿಗೂ ಇರುವ ನಂಟು ತೀರ ಕಡಿಮೆ, ಮನೆತನದಲ್ಲಿ ಬರುವುದೂ ಅಪರೂಪ. ಮಕ್ಕಳಿಬ್ಬರೂ ವರ್ಷಕ್ಕೊಮ್ಮೆ ಚರ್ಮವೈದ್ಯರಿಗೆ ಅಂಗಾಲು, ಅಂಗೈ, ಉಗುರುಗಳನ್ನು ತೋರಿಸಿದರೆ ಸಾಕು.

ತಾಯಿಯವರಿಗೆ ಬೆರಳಿನಿಂದ ಒತ್ತಿ ನೋಡುವುದನ್ನು ಹೇಳಿಕೊಡಿ. ಅದನ್ನು ಹಳೆಯ ಕಾಲದ್ದೆಂದು ಕಡೆಗಣಿಸಬೇಡಿ, ಮೆಲನೋಮ ಮರಳಿದಾಗ ಅದನ್ನು ಎಷ್ಟೋ ಸಲ ಮೊದಲು ಕಾಣುವವರು ರೋಗಿಯೇ. ತಿಂಗಳಿಗೊಮ್ಮೆ, ಬಿಸಿನೀರಿನ ಸ್ನಾನವಾದ ಮೇಲೆ, ಒಳ್ಳೆಯ ಬೆಳಕಿನಲ್ಲಿ ಕೂರಲಿ. ಮೊದಲು ಕಸಿ ಮಾಡಿದ ಚರ್ಮದ ಅಂಚು. ಅಲ್ಲಿಂದ ಮೇಲಕ್ಕೆ, ಹಿಮ್ಮಡಿಯಿಂದ ತೊಡೆಯವರೆಗಿನ ದಾರಿಯಲ್ಲಿ ಮೆಣಸಿನಕಾಳಿನಂಥ ಕಪ್ಪು ಅಥವಾ ನಸುಗೆಂಪು ಗುಳ್ಳೆ ಹೊಸದಾಗಿ ಎದ್ದಿದೆಯೇ ನೋಡಬೇಕು. ಆಮೇಲೆ ಮಂಡಿಯನ್ನು ಸ್ವಲ್ಪ ಮಡಿಸಿ ಅದರ ಹಿಂಬದಿಯ ಗುಳಿಯನ್ನು ಒತ್ತಿ ನೋಡಬೇಕು. ಹಿಮ್ಮಡಿಯ ಕೆಲಭಾಗದ ದುಗ್ಧರಸ ಮೊದಲು ಹೋಗುವುದು ಅಲ್ಲಿಗೆ, ತೊಡೆಸಂದನ್ನಷ್ಟೇ ನೋಡುವವರು ಇದನ್ನು ಮರೆಯುತ್ತಾರೆ. ಕೊನೆಗೆ ಮಲಗಿಕೊಂಡು ತೊಡೆಸಂದು. ಬರಿಗಾಲಿನಲ್ಲಿ ತೋಟದ ಕೆಲಸ ಮಾಡಿದವರ ತೊಡೆಸಂದಿನಲ್ಲಿ ಗಾಯ, ಕೀವುಗಳ ಕಾರಣಕ್ಕೆ ಹಳೆಯ ಮೆತ್ತನೆಯ ಗಂಟುಗಳು ಇದ್ದೇ ಇರುತ್ತವೆ, ಅವಕ್ಕೆ ಹೆದರಬೇಕಾಗಿಲ್ಲ. ಹೊಸದಾದ, ಗಟ್ಟಿಯಾದ, ಎರಡು ಮೂರು ವಾರ ಕಳೆದರೂ ಕರಗದೆ ಬೆಳೆಯುವ ಗಂಟು ಸಿಕ್ಕರೆ ಮಾತ್ರ, ಯಾವ ವರದಿಯಲ್ಲಿ ಯಾವ ಸೊನ್ನೆ ಇದ್ದರೂ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಬರಬೇಕು. ಮೊದಲ ಎರಡು ಮೂರು ವರ್ಷ ನಾಲ್ಕರಿಂದ ಆರು ತಿಂಗಳಿಗೊಮ್ಮೆ ವೈದ್ಯರು ನೋಡುವುದು ಒಳ್ಳೆಯದು. ಪ್ರತಿ ಸಲವೂ ಬೆಂಗಳೂರಿಗೇ ಹೋಗಬೇಕೆಂದಿಲ್ಲ; ಮಧ್ಯದ ತಪಾಸಣೆಗಳನ್ನು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮಾಡಿಸಿ, ಸಂದೇಹ ಬಂದಾಗ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ಅಭಿಪ್ರಾಯ ಪಡೆಯಬಹುದು.

ಕಡೂರಿನ ಅಕ್ಕನವರಿಗೆ: ನಿಮ್ಮ ಮಾವನವರ ಬ್ಲಾಕಿನಲ್ಲಿ ಬಿರಾಫ್ ಮತ್ತು ಕಿಟ್ ನೋಡಿದ್ದಾರೆಯೇ ಎಂದು ಚಿಕಿತ್ಸೆ ಕೊಡುತ್ತಿರುವವರನ್ನು ಕೇಳಿ. ಬಿರಾಫ್ ಬದಲಾವಣೆ ಇದ್ದು, ರೋಗ ಹರಡಿರುವ ಸಂದರ್ಭದಲ್ಲಿ, ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್ಎ ತುಣುಕುಗಳನ್ನು ಅಳೆಯುವುದರಿಂದ ಚಿಕಿತ್ಸೆ ನಾಟುತ್ತಿದೆಯೇ ಎಂದು ಅಂದಾಜಿಸಬಹುದು. ರಕ್ತಪರೀಕ್ಷೆಗೆ ಮೆಲನೋಮದಲ್ಲಿ ಅರ್ಥ ಬರುವುದು ಇಂಥ ಕಡೆ. ಎಲ್‌ಡಿಎಚ್ ಎಂಬ ಅಗ್ಗದ, ಎಲ್ಲ ಕಡೆ ಸಿಗುವ ಪರೀಕ್ಷೆಯೂ ನಾಲ್ಕನೆಯ ಹಂತದ ವಿಂಗಡಣೆಯಲ್ಲಿ ಇಂದಿಗೂ ಸ್ಥಾನ ಉಳಿಸಿಕೊಂಡಿದೆ.


ಉತ್ತರ: ಹೇಮಾವತಿ ದಂಡೆ

ವಿವರವಾದ ಉತ್ತರಕ್ಕೆ ಕೃತಜ್ಞ. ಹಂತದ ವ್ಯತ್ಯಾಸವನ್ನು ನಾನು ಗಮನಿಸಿರಲಿಲ್ಲ, ಅದು ನನ್ನ ತಪ್ಪು. ಆದರೂ ಇಂಥ ಅಧ್ಯಯನಗಳಲ್ಲಿ ನಮ್ಮ ಕಡೆಯ ಅಂಗಾಲಿನ ಮೆಲನೋಮದವರು ಹೆಚ್ಚು ಸಂಖ್ಯೆಯಲ್ಲಿ ಸೇರುವವರೆಗೆ ಪ್ರಶ್ನೆ ಹಾಗೆಯೇ ಉಳಿಯುತ್ತದೆ ಎಂಬ ನನ್ನ ಮಾತನ್ನು ಬಿಟ್ಟುಕೊಡುವುದಿಲ್ಲ.


ಉತ್ತರ: ತೋಟದಮನೆ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ತಿಳಿಯದು. ಆ ಪ್ರತಿನಿಧಿಗೆ ಫೋನ್ ಮಾಡಿ, ಯಾವ ಗುರುತಿನಿಂದ ಹಿಡಿಯುತ್ತೀರಿ ಎಂದು ಕೇಳಿದೆ. ಮೇಲಿನವರನ್ನು ಕೇಳಿ ತಿಳಿಸುತ್ತೇನೆ ಎಂದರು. ಎರಡು ದಿನದ ನಂತರ, ಇದು ಎಲ್ಲ ಕ್ಯಾನ್ಸರಿಗೂ ಆಗುತ್ತದೆ ಸಾರ್, ಈ ತಿಂಗಳೊಳಗೆ ಮಾಡಿಸಿದರೆ ರಿಯಾಯಿತಿ ಇದೆ ಎಂಬ ಸಂದೇಶ ಬಂದಿತು. ಮಾಡಿಸುತ್ತಿಲ್ಲ.

ತಂಗಿ ಬಂದು ಅಮ್ಮನಿಗೆ ಮಂಡಿಯ ಹಿಂಬದಿಯನ್ನು ಒತ್ತಿ ನೋಡುವುದನ್ನು ಹೇಳಿಕೊಟ್ಟಿದ್ದಾಳೆ. ಅಮ್ಮ ಪ್ರತಿ ಅಮಾವಾಸ್ಯೆಗೆ ನೋಡಿಕೊಳ್ಳುತ್ತೇನೆ, ದಿನಾಂಕ ನೆನಪಿಡುವುದು ನನ್ನಿಂದಾಗದು ಎಂದಿದ್ದಾರೆ. ಹಣ್ಣು ಕೊಯ್ಯಲು ಬರುವ ಹೆಂಗಸರನ್ನೂ ಕಟ್ಟೆಯ ಮೇಲೆ ಕೂರಿಸಿ ಅಂಗಾಲು ತೋರಿಸಿ ಎಂದು ಪೀಡಿಸುತ್ತಿದ್ದಾರೆ. ಇಲ್ಲಿಯವರೆಗೆ ಸಿಕ್ಕಿರುವುದೆಲ್ಲ ಆಣಿ ಮತ್ತು ಮುಳ್ಳು.

ಹಾಸನಕ್ಕೆ ಹೋಗಿ ಬ್ಲಾಕುಗಳನ್ನು ತಂದೆ. ಎರಡು ಬ್ಲಾಕು, ನಾಲ್ಕು ಸ್ಲೈಡು ಕೊಟ್ಟರು. ಬೇಲೂರು ದಾಟಿದ ಮೇಲೆ ಬಸ್ಸು ಹಾರಿದ ಒಂದು ಗುಂಡಿಗೆ ಸ್ಲೈಡೊಂದು ಒಡೆದುಹೋಗಿದೆ. ಇದರಿಂದ ತೊಂದರೆಯಾಗುವುದೇ?


ಉತ್ತರ: ಹಳೇ ಸೂಕ್ಷ್ಮದರ್ಶಕ

ಇಲ್ಲ. ಬ್ಲಾಕು ಇದ್ದರೆ ಬೇಕಾದಾಗ ಹೊಸ ಸ್ಲೈಡನ್ನು ಕತ್ತರಿಸಿಕೊಳ್ಳಬಹುದು. ಒಡೆದ ಚೂರುಗಳನ್ನು ಎಸೆಯದೆ ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ಬಯಾಪ್ಸಿ ಸಂಖ್ಯೆಯನ್ನು ಬರೆದು, ಬ್ಲಾಕಿನ ಜೊತೆಯಲ್ಲಿಯೇ ಬೀರುವಿನಲ್ಲಿ ಇಡಿ. ಮುಂದಿನ ಸಲ ಹತ್ತಿಯಲ್ಲಿ ಸುತ್ತಿ ತನ್ನಿ.